ಮೊದಲು ಖಾಲಿ ಲೈಪೋಸೋಮ್

ಪಿಯುಸಿ ಪುಸ್ತಕದಲ್ಲಿ ಜೀವಕೋಶದ ಪೊರೆಯ ಚಿತ್ರ ನೋಡಿದವರಿಗೆ ಇಷ್ಟು ನೆನಪಿರುತ್ತದೆ: ಲಿಪಿಡ್ ಅಣುಗಳ ಎರಡು ಪದರ, ನೀರನ್ನು ಬಯಸುವ ತಲೆಗಳು ಹೊರಮುಖವಾಗಿ, ನೀರಿಗೆ ಬೆನ್ನು ಹಾಕುವ ಬಾಲಗಳು ಒಳಮುಖವಾಗಿ. ಆ ಚಿತ್ರ ಹೇಳದ ಮಾತೊಂದಿದೆ. ಹೊಸ ಲಿಪಿಡ್ ತಯಾರಾಗುವುದು ಬಹುತೇಕ ಪೊರೆಯ ಒಂದೇ ಬದಿಯಲ್ಲಿ. ಅದರಲ್ಲಿ ಅರ್ಧದಷ್ಟಾದರೂ ಇನ್ನೊಂದು ಬದಿಗೆ ಹೋಗದಿದ್ದರೆ ಪೊರೆ ಬೆಳೆಯುವಂತಿಲ್ಲ. ಹೋಗುವುದು ಹೇಗೆ, ದಾಟಿಸುವವರು ಯಾರು ಎಂಬ ಪ್ರಶ್ನೆಯಲ್ಲೇ ನನ್ನ ಹೊಟ್ಟೆಪಾಡು ನಡೆದಿದೆ. ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಪೊರೆಯ ಪ್ರೋಟೀನುಗಳನ್ನು ಶುದ್ಧಮಾಡಿ, ಲೈಪೋಸೋಮ್ ಎಂಬ ಕೃತಕ ಪೊರೆಯ ಗುಳ್ಳೆಯಲ್ಲಿ ಕೂರಿಸಿ, ಅವು ಲಿಪಿಡ್ಡನ್ನು ಈಚೆಯಿಂದ ಆಚೆಗೆ ದಾಟಿಸುತ್ತವೆಯೇ ಎಂದು ನೋಡುವುದು ನಮ್ಮ ಕೆಲಸ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ವರ್ಷವರ್ಷವೂ ಬಾಯಲ್ಲಿ ಹೇಳುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ತಾನಾಗಿ ಪಲ್ಟಿ ಹೊಡೆಯುವುದು ಎಷ್ಟು ನಿಧಾನ ಎಂಬುದು ಮನದಟ್ಟಾಗಲಿ

ತನ್ನ ಪದರದೊಳಗೆ ಅಡ್ಡಾಡುವುದರಲ್ಲಿ ಲಿಪಿಡ್ ಬಲು ಚುರುಕು. ಒಂದು ಬ್ಯಾಕ್ಟೀರಿಯಾದ ಉದ್ದವನ್ನು ಸೆಕೆಂಡಿನ ಲೆಕ್ಕದಲ್ಲಿ ಕ್ರಮಿಸುತ್ತದೆ. ಅದೇ ಅಣು ನಾಲ್ಕೈದು ನ್ಯಾನೊಮೀಟರ್ ದಪ್ಪದ ಪೊರೆಯನ್ನು ದಾಟಿ ಆಚೆಯ ಪದರ ಸೇರಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ವಿದ್ಯುದಾವೇಶ ಹೊತ್ತ ತಲೆ ತನಗಂಟಿದ ನೀರನ್ನು ಕಳಚಿಕೊಂಡು ಕೊಬ್ಬಿನ ನಡುವೆ ಹಾಯಬೇಕಲ್ಲ, ತಡವಾಗುವುದು ಅಲ್ಲೇ.

ಇದನ್ನು 1971ರಲ್ಲಿ ಅಳೆದವರು ಸ್ಟ್ಯಾನ್‌ಫರ್ಡ್‌ನ ರೋಜರ್ ಕಾರ್ನ್‌ಬರ್ಗ್ ಮತ್ತು ಹಾರ್ಡನ್ ಮೆಕಾನೆಲ್. ಲಿಪಿಡ್ಡಿನ ತಲೆಗೆ ಸ್ಪಿನ್ ಲೇಬಲ್ ಅಂಟಿಸಿ ಸಣ್ಣ ಗುಳ್ಳೆಗಳನ್ನು ಮಾಡಿದರು. ಹೊರಗಿನಿಂದ ಆಸ್ಕಾರ್ಬೇಟ್, ಅಂದರೆ ನಮ್ಮ ವಿಟಮಿನ್ ಸಿಯನ್ನೇ ಹಾಕಿದರು. ಅದು ಗುಳ್ಳೆಯೊಳಗೆ ನುಗ್ಗಲಾರದು. ಹೊರಪದರದ ಲೇಬಲ್ಲುಗಳನ್ನಷ್ಟೇ ಅಳಿಸಿತು. ಒಳಗುಳಿದವು ಹೊರಗೆ ಬರುವುದನ್ನು ಆಮೇಲೆ ಕಾದು ನೋಡಿದರು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಪದರಗಳ ನಡುವಿನ ವ್ಯತ್ಯಾಸ ಅರ್ಧಕ್ಕಿಳಿಯಲು ಆರೂವರೆ ಗಂಟೆ ಹಿಡಿಯಿತು. ಕಾರ್ನ್‌ಬರ್ಗ್ ಮುಂದೆ ಬೇರೆಯೇ ವಿಷಯಕ್ಕೆ ಹೋಗಿ 2006ರಲ್ಲಿ ನೊಬೆಲ್ ಪಡೆದರು. ನಾವು ಇಂದಿಗೂ ಅವರ ಆ ಹಳೆಯ ಉಪಾಯವನ್ನೇ ಬೇರೆ ರಾಸಾಯನಿಕ ಹಿಡಿದು ಮಾಡುತ್ತಿದ್ದೇವೆ.

ಆರೂವರೆ ಗಂಟೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ: ಒಳ್ಳೆಯ ಆಹಾರ ಸಿಕ್ಕ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಅಷ್ಟರಲ್ಲಿ ಅದರ ಪೊರೆ ಎರಡರಷ್ಟಾಗಬೇಕು. ತಾನಾಗಿ ಆಗುವ ಪಲ್ಟಿಯನ್ನು ನಂಬಿ ಕೂತಿದ್ದರೆ ಭೂಮಿಯ ಮೇಲೆ ಬ್ಯಾಕ್ಟೀರಿಯಾ ಇರುತ್ತಿರಲಿಲ್ಲ. ದಾಟಿಸುವ ಪ್ರೋಟೀನು ಇರಲೇಬೇಕು ಎಂಬ ತರ್ಕ ಹುಟ್ಟಿದ್ದು ಹೀಗೆ. ಪ್ರೋಟೀನಿಗೆ 'ಫ್ಲಿಪ್ಪೇಸ್' ಎಂಬ ಹೆಸರು ಮೊದಲು ಬಂತು, ಪ್ರೋಟೀನು ಕೈಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ.

2. ಮೂರು ಬಗೆಯವರನ್ನು ಬೆರೆಸಬೇಡಿ

ಹೊರಪದರದಿಂದ ಒಳಪದರಕ್ಕೆ, ಎಟಿಪಿ ಖರ್ಚುಮಾಡಿ ಎಳೆಯುವವು ಫ್ಲಿಪ್ಪೇಸ್. ಇವು ಪಿ4-ಎಟಿಪಿಯೇಸ್ ಕುಟುಂಬದವು. ಒಳಗಿನಿಂದ ಹೊರಕ್ಕೆ, ಅದೂ ಎಟಿಪಿ ಖರ್ಚಿನಲ್ಲೇ, ತಳ್ಳುವವು ಫ್ಲಾಪ್ಪೇಸ್. ಇವುಗಳಲ್ಲಿ ಹೆಚ್ಚಿನವು ಎಬಿಸಿ ಕುಟುಂಬದವು. ಮೂರನೆಯದು ಸ್ಕ್ರ್ಯಾಂಬ್ಲೇಸ್. ಇದಕ್ಕೆ ಇಂಧನ ಬೇಡ, ದಿಕ್ಕಿನ ಹಂಗಿಲ್ಲ, ಎರಡೂ ಕಡೆಗೆ ದಾರಿ ತೆರೆದುಬಿಡುತ್ತದೆ. ಮೊದಲೆರಡು ಸೇರಿ ಕಟ್ಟಿದ ಅಸಮತೆಯನ್ನು ಮೂರನೆಯದು ಕೆಲವೇ ನಿಮಿಷದಲ್ಲಿ ಕೆಡವಬಲ್ಲದು.

ಕೆಂಪು ರಕ್ತಕಣದಲ್ಲಿ ಈ ಅಸಮತೆ ಚೆನ್ನಾಗಿ ಕಾಣುತ್ತದೆ. ಹೊರಪದರದಲ್ಲಿ ಫಾಸ್ಫಟಿಡೈಲ್‌ಕೋಲೀನ್ ಮತ್ತು ಸ್ಫಿಂಗೋಮಯೆಲಿನ್ ಹೆಚ್ಚು. ಫಾಸ್ಫಟಿಡೈಲ್‌ಸೆರೀನ್, ನಮ್ಮ ಮಾತಿನಲ್ಲಿ ಪಿಎಸ್, ಹೆಚ್ಚುಕಡಿಮೆ ಪೂರ್ತಿ ಒಳಗೆ. 1973ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಗುಂಪು ಇದನ್ನು ತೋರಿಸಿದ ಬಗೆ ನನಗೆ ಬಲು ಇಷ್ಟ. ನಾಗರಹಾವಿನ ವಿಷದಿಂದ ತೆಗೆದ ಫಾಸ್ಫೋಲೈಪೇಸ್‌ ಕಿಣ್ವಕ್ಕೆ ಇನ್ನೊಂದು ಕಿಣ್ವ ಜೊತೆಮಾಡಿ, ರಕ್ತಕಣ ಒಡೆಯದ ಹಾಗೆ ಹೊರಪದರದ ಲಿಪಿಡ್ಡುಗಳನ್ನು ಮಾತ್ರ ಕತ್ತರಿಸಿದರು. ಕತ್ತರಿಗೆ ಸಿಕ್ಕಿದ್ದು ಹೊರಗಿನದು, ಸಿಗದೆ ಉಳಿದದ್ದು ಒಳಗಿನದು. 1984ರಲ್ಲಿ ಪ್ಯಾರಿಸ್‌ನ ಸೆನ್ಯೂರೆ ಮತ್ತು ದೆವೊ, ಹೊರಗೆ ಇಟ್ಟ ಪಿಎಸ್ ಎಟಿಪಿ ಇದ್ದರೆ ಮಾತ್ರ ಬೇಗ ಒಳಗೆ ಹೋಗುತ್ತದೆಂದು ತೋರಿಸಿದರು. ಆ ಕೆಲಸದ ಪ್ರೋಟೀನ್ ಕುಟುಂಬಕ್ಕೆ ವಂಶವಾಹಿಯ ಗುರುತು ಸಿಕ್ಕಿದ್ದು 1996ರಲ್ಲಿ.

ಫ್ಲಾಪ್ಪೇಸ್ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಿತ್ತರಸ ಸಾಕು. ಎಬಿಸಿಬಿ4 ಎಂಬ ಪ್ರೋಟೀನು ಯಕೃತ್ತಿನ ಕೋಶಗಳಿಂದ ಫಾಸ್ಫಟಿಡೈಲ್‌ಕೋಲೀನನ್ನು ಪಿತ್ತಕ್ಕೆ ಬಿಡುತ್ತದೆ. ಇದಕ್ಕೆ ಸಮನಾದ ವಂಶವಾಹಿಯನ್ನು 1993ರಲ್ಲಿ ಇಲಿಗಳಲ್ಲಿ ಅಳಿಸಿದಾಗ ಅವುಗಳ ಪಿತ್ತದಲ್ಲಿ ಫಾಸ್ಫೋಲಿಪಿಡ್ಡೇ ಇರಲಿಲ್ಲ. ಪಿತ್ತ ಲವಣಗಳ ತೀಕ್ಷ್ಣತೆಯನ್ನು ತಗ್ಗಿಸುವ ಲಿಪಿಡ್ ಇಲ್ಲದೆ ಯಕೃತ್ತಿಗೆ ಹಾನಿಯಾಯಿತು. ಮಕ್ಕಳಲ್ಲಿ ಇದೇ ವಂಶವಾಹಿ ಕೆಟ್ಟಾಗ ಬರುವ ಕಾಮಾಲೆಯೂ ಉಂಟು.

3. ಡೈಥಯೋನೈಟ್ ಬಾಟಲಿಗೆ ಮರ್ಯಾದೆ ಕೊಡಿ

ಆಸ್ಕಾರ್ಬೇಟಿನ ಜಾಗದಲ್ಲಿ ನಾವು ಬಳಸುವುದು ಸೋಡಿಯಂ ಡೈಥಯೋನೈಟ್. 1991ರಿಂದ ಈ ವಿಧಾನ ಚಾಲ್ತಿಯಲ್ಲಿದೆ. ಲಿಪಿಡ್ಡಿಗೆ ಎನ್‌ಬಿಡಿ ಎಂಬ ಹೊಳೆಯುವ ಗುಂಪನ್ನು ಅಂಟಿಸಿರುತ್ತೇವೆ. 470 ನ್ಯಾನೊಮೀಟರಿನ ನೀಲಿ ಬೆಳಕು ಬಿಟ್ಟರೆ ಅದು 530ರ ಆಸುಪಾಸಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಡೈಥಯೋನೈಟ್ ತಾಕಿದರೆ ಆ ಹೊಳಪು ಶಾಶ್ವತವಾಗಿ ಆರುತ್ತದೆ. ಋಣ ಆವೇಶದ್ದಾದ್ದರಿಂದ ಅದು ಪೊರೆ ದಾಟಲಾರದು. ಹಾಗಾಗಿ ಆರುವುದು ಹೊರಪದರದ ಲಿಪಿಡ್ ಮಾತ್ರ, ದಾಟಿಸುವವರು ಯಾರೂ ಇಲ್ಲದಿದ್ದರೆ.

ಊರಕಡೆ ಇದನ್ನು ಗುರುತಿಸುವವರು ವಿಜ್ಞಾನಿಗಳಿಗಿಂತ ಹೆಚ್ಚಿದ್ದಾರೆ, ಬೇರೆ ಹೆಸರಿನಲ್ಲಿ. ಇದೇ 'ಹೈಡ್ರೋಸ್'. ನೀಲಿ ಬಣ್ಣ ಹಾಕುವವರ ತೊಟ್ಟಿಯಲ್ಲಿ ಇರುತ್ತದೆ. ಬೆಲ್ಲಕ್ಕೆ ಹಳದಿ ಹೊಳಪು ಬರಲೆಂದು ಕೆಲವು ಆಲೆಮನೆಗಳಲ್ಲಿ ಕೊಪ್ಪರಿಗೆಗೂ ಬೀಳುತ್ತದೆ. ಮಂಡ್ಯದ ಕಡೆಯಿಂದ ಬಂದ ವಿದ್ಯಾರ್ಥಿಗಳಿಗೆ ಇದರ ವಾಸನೆ ಹೇಳಿಕೊಡಬೇಕಿಲ್ಲ.

ತೇವ ತಗುಲಿದರೆ ಇದು ಕೆಡುತ್ತದೆ. ಜೂನ್‌ನಿಂದ ಆಚೆಗೆ ಬಾಟಲಿ ಡೆಸಿಕೇಟರಿನಲ್ಲೇ ಇರಬೇಕು. ಪುಡಿ ಗಂಟುಕಟ್ಟಿದ್ದರೆ, ಮುಚ್ಚಳ ತೆಗೆದಾಗ ಗಂಧಕದ ಘಾಟು ಮೂಗಿಗೆ ಹೊಡೆದರೆ ಹೊಸ ಬಾಟಲಿ ತೆಗೆಯಿರಿ. ದ್ರಾವಣವನ್ನು ಪಿಎಚ್ 10ರ ಟ್ರಿಸ್‌ನಲ್ಲಿ, ಪ್ರಯೋಗಕ್ಕೆ ಸ್ವಲ್ಪ ಮುಂಚೆ ಮಾಡಿ, ಐಸಿನ ಮೇಲಿಡಿ. ಬೆಳಿಗ್ಗೆ ಮಾಡಿಟ್ಟದ್ದನ್ನು ಮಧ್ಯಾಹ್ನ ಹಾಕಿ 'ಪ್ರೋಟೀನು ಸತ್ತಿದೆ' ಎನ್ನುವವರನ್ನು ಕಂಡಿದ್ದೇನೆ. ಸತ್ತದ್ದು ಡೈಥಯೋನೈಟ್.

4. ಪ್ರೋಟೀನಿಗಿಂತ ಮುಂಚೆ ಖಾಲಿ ಲೈಪೋಸೋಮನ್ನು ವಿಚಾರಿಸಿ

ಒಂದೇ ಪಾಠ ಓದಲು ಸಮಯವಿರುವವರು ಇದನ್ನು ಓದಿ.

ಪ್ರೋಟೀನು ಹಾಕದ ಲೈಪೋಸೋಮಿಗೆ ಡೈಥಯೋನೈಟ್ ಹಾಕಿದರೆ ಎಷ್ಟು ಹೊಳಪು ಬೀಳಬೇಕು? ಅರ್ಧ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಗುಳ್ಳೆ ಚಿಕ್ಕದಾದಷ್ಟೂ ಹೊರಪದರದ ವಿಸ್ತೀರ್ಣ ಒಳಪದರಕ್ಕಿಂತ ಹೆಚ್ಚು. 100 ನ್ಯಾನೊಮೀಟರ್ ಅಡ್ಡಳತೆಯ ಗುಳ್ಳೆಯಲ್ಲಿ ಹೊರಗೆ ಸುಮಾರು 55, ಒಳಗೆ 45. ಸೋನಿಕೇಟರಿನಲ್ಲಿ ಒಡೆದು ಮಾಡಿದ 25-30 ನ್ಯಾನೊಮೀಟರಿನವಾದರೆ ಮೂರನೇ ಎರಡು ಪಾಲು ಹೊರಗೇ ಇರುತ್ತದೆ. ಆದ್ದರಿಂದ ಇಳಿತ 55 ಆದರೆ ಸಮಾಧಾನ. 40ಕ್ಕೆ ನಿಂತರೆ ಗುಳ್ಳೆಯೊಳಗೆ ಗುಳ್ಳೆ ಸೇರಿಕೊಂಡಿದೆ, ಎಕ್ಸ್‌ಟ್ರೂಡರಿನಲ್ಲಿ ಸಾಕಷ್ಟು ಸಲ ತಳ್ಳಿಲ್ಲ ಎಂದರ್ಥ. 70 ದಾಟಿದರೆ ತಾಪತ್ರಯ ಬೇರೆ.

ಒಂದು ಸಂಜೆ ಹೊಸ ಹುಡುಗನೊಬ್ಬ ಫ್ಲೋರೊಮೀಟರ್ ಕೋಣೆಯಿಂದ ಓಡಿ ಬಂದ.

"ಮೇಡಮ್, ಬಂತು! ಎಂಬತ್ತು ಪರ್ಸೆಂಟ್ ಬಿದ್ದಿದೆ."

"ಖಾಲೀದು ಎಷ್ಟಪ್ಪ?"

"ಖಾಲೀದು… ಎಪ್ಪತ್ತೆರಡು."

"ಗೆರೆ ತೋರಿಸು."

ತೆರೆಯ ಮೇಲೆ ಎರಡೂ ಗೆರೆಗಳಿದ್ದವು. ಡೈಥಯೋನೈಟ್ ಬಿದ್ದ ಕ್ಷಣ ಕಡಿದಾಗಿ ಇಳಿಯಬೇಕು. ಒಂದೆರಡು ನಿಮಿಷದಲ್ಲಿ ನೆಟ್ಟಗೆ ಮಲಗಬೇಕು. ಅವನ ಖಾಲಿ ಲೈಪೋಸೋಮಿನ ಗೆರೆ ಅರ್ಧದವರೆಗೆ ಕಡಿದಾಗಿ ಇಳಿದು, ಆಮೇಲೆ ನಿಲ್ಲದೆ ಓರೆಯಾಗಿ ಜಾರುತ್ತಲೇ ಇತ್ತು. ಆ ಓರೆಯೇ ಉತ್ತರ. ಪೊರೆ ಸೋರುತ್ತಿದೆ, ಡೈಥಯೋನೈಟ್ ಸ್ವಲ್ಪಸ್ವಲ್ಪವಾಗಿ ಒಳಗೆ ಹೋಗುತ್ತಿದೆ. ಪ್ರೋಟೀನನ್ನು ಪೊರೆಗೆ ಕೂರಿಸಲು ಮೊದಲು ಡಿಟರ್ಜೆಂಟ್ ಹಾಕಿ ಲೈಪೋಸೋಮನ್ನು ಸಡಿಲಿಸುತ್ತೇವೆ, ಆಮೇಲೆ ಬಯೋ-ಬೀಡ್ಸ್ ಎಂಬ ಪಾಲಿಸ್ಟೈರೀನ್ ಮಣಿಗಳಿಂದ ಅದನ್ನು ಹೀರಿ ತೆಗೆಯುತ್ತೇವೆ. ಮಣಿ ಕಡಿಮೆಯಾದರೆ ಡಿಟರ್ಜೆಂಟ್ ಉಳಿಯುತ್ತದೆ. ಉಳಿದ ಡಿಟರ್ಜೆಂಟ್ ಪೊರೆಯನ್ನು ಸೋರಿಸುವುದಲ್ಲದೆ ಲಿಪಿಡ್ಡನ್ನು ತಾನೇ ಪಲ್ಟಿ ಹೊಡೆಸುತ್ತದೆ. ಹಾಗೆಂದು ಮಣಿ ಸುರಿದರೆ ಅವು ಲಿಪಿಡ್ಡನ್ನೂ ತಿನ್ನುತ್ತವೆ. ಆ ಹುಡುಗ ಮಣಿಗಳನ್ನು ಮೆಥನಾಲಿನಲ್ಲೂ ನೀರಿನಲ್ಲೂ ಹೊಸದಾಗಿ ತೊಳೆದು, ಎರಡು ಕಂತಿನಲ್ಲಿ ಹಾಕಿ, ಒಂದನ್ನು ರಾತ್ರಿಯಿಡೀ ತಣ್ಣನೆಯ ಕೋಣೆಯಲ್ಲಿ ತಿರುಗಲು ಬಿಟ್ಟ. ಮರುದಿನ ಖಾಲೀದು 54. ಪ್ರೋಟೀನಿದ್ದದ್ದು 79. ಹಿಂದಿನ ದಿನದ ಎಂಬತ್ತಕ್ಕೂ ಇವತ್ತಿನ ಎಪ್ಪತ್ತೊಂಬತ್ತಕ್ಕೂ ಅಂಕಿಯಲ್ಲಿ ವ್ಯತ್ಯಾಸವೇ ಇಲ್ಲ. ಮೊದಲನೆಯದನ್ನು ಕಸದಬುಟ್ಟಿಗೆ ಹಾಕಿದೆವು, ಎರಡನೆಯದನ್ನು ನೋಟ್‌ಬುಕ್ಕಿಗೆ ಅಂಟಿಸಿದೆವು.

ಕೊನೆಯಲ್ಲಿ ಟ್ರೈಟನ್ ಎಕ್ಸ್-100 ಹಾಕಿ ಎಲ್ಲ ಗುಳ್ಳೆ ಒಡೆದು ಸೊನ್ನೆ ಎಲ್ಲಿದೆ ಎಂದು ನೋಡುವುದನ್ನು ಬಿಡಬೇಡಿ. ಶೇಕಡಾವಾರು ಲೆಕ್ಕಕ್ಕೆ ತಳ ಬೇಕಲ್ಲ.

5. ಗೆರೆ ಎಲ್ಲಿ ನಿಂತಿತು ಎಂಬುದು ವೇಗದ ಲೆಕ್ಕವಲ್ಲ

79 ಬಂದರೆ "ಪ್ರೋಟೀನು ಅಷ್ಟೇನೂ ಚುರುಕಲ್ಲ, ನೂರು ಬರಲಿಲ್ಲ" ಎಂದು ಮುಖ ಸಣ್ಣ ಮಾಡುವವರಿದ್ದಾರೆ. ಗುಳ್ಳೆಗಳನ್ನು ಎಣಿಸಿ ನೋಡಿ. ಒಂದು ಗುಳ್ಳೆಗೆ ಸರಾಸರಿ ಒಂದು ಪ್ರೋಟೀನು ಬರುವಷ್ಟು ಹಾಕಿದ್ದೀರಿ ಎನ್ನೋಣ. ಪ್ರೋಟೀನುಗಳು ಸಾಲಾಗಿ ನಿಂತು ಗುಳ್ಳೆಗೊಂದರಂತೆ ಹಂಚಿಕೊಳ್ಳುವುದಿಲ್ಲ. ಕೆಲವಕ್ಕೆ ಎರಡು, ಮೂರು. ಪಾಯ್ಸಾನ್ ಲೆಕ್ಕದಂತೆ ನೂರಕ್ಕೆ 37 ಗುಳ್ಳೆಗೆ ಒಂದೂ ಇಲ್ಲ. ಆ 37ರಲ್ಲಿ ಒಳಪದರದ 45 ಭಾಗ ಹೊಳೆಯುತ್ತಲೇ ಉಳಿಯುತ್ತದೆ. ಉಳಿದ 63 ಗುಳ್ಳೆಗಳಲ್ಲಿ ಎಲ್ಲವೂ ಆರುತ್ತದೆ. ಕೂಡಿದರೆ ಒಟ್ಟು ಇಳಿತ ಸುಮಾರು 83. ಪ್ರೋಟೀನು ಎಷ್ಟೇ ಬಿರುಸಾಗಿದ್ದರೂ ಅಷ್ಟೇ. ಸರಾಸರಿಯನ್ನು ಮೂರಕ್ಕೆ ಏರಿಸಿದರೆ ಖಾಲಿ ಗುಳ್ಳೆ ನೂರಕ್ಕೆ ಐದಾಗುತ್ತದೆ, ಗೆರೆ ತಳಕ್ಕೆ ಹತ್ತಿರವಾಗುತ್ತದೆ.

ಈ ಲೆಕ್ಕ ಬರೀ ಸಮಾಧಾನಕ್ಕಲ್ಲ. ಪ್ರೋಟೀನನ್ನು ಹಂತಹಂತವಾಗಿ ಹೆಚ್ಚಿಸುತ್ತ ಗೆರೆ ಎಲ್ಲೆಲ್ಲಿ ನಿಲ್ಲುತ್ತದೆಂದು ನೋಡಿದರೆ, ಅದು ಒಂಟಿಯಾಗಿ ಪೊರೆಗೆ ಇಳಿಯುತ್ತದೋ ಜೋಡಿಯಾಗಿಯೋ ಎಂಬುದೂ ಸಿಗುತ್ತದೆ. ಕಣ್ಣಿನ ಆಪ್ಸಿನ್ ಜೋಡಿಯಾಗಿ ಕೂರುತ್ತದೆಂಬುದು ಇಂಥ ಲೆಕ್ಕದಿಂದಲೇ ಗೊತ್ತಾದದ್ದು.

ವೇಗಕ್ಕೆ ಬಂದರೆ, ಡೈಥಯೋನೈಟ್ ಎನ್‌ಬಿಡಿಯನ್ನು ಆರಿಸಲು ತನಗೇ ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಪ್ರೋಟೀನು ಅದಕ್ಕಿಂತ ವೇಗವಾಗಿ ದಾಟಿಸಿದರೆ ನಮಗೆ ಕಾಣುವುದು ಡೈಥಯೋನೈಟಿನ ವೇಗ. ರೊಡಾಪ್ಸಿನ್ ಸೆಕೆಂಡಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಲಿಪಿಡ್ ದಾಟಿಸುತ್ತದೆ ಎಂದು ಬರೆದಿರುವಲ್ಲಿ 'ಹೆಚ್ಚು' ಎಂಬ ಪದ ಇರುವುದು ಇದಕ್ಕೇ. ಪ್ರಬಂಧ ಓದುವಾಗ ಅದನ್ನು ನುಂಗಿಬಿಟ್ಟು ಅಂಕಿ ಮಾತ್ರ ಎತ್ತಿಕೊಳ್ಳುವವರು ಜಾಸ್ತಿ.

6. ಸಾಕ್ಷಿ ಎರಡಿರಲಿ

ಡೈಥಯೋನೈಟ್ ಚಿಕ್ಕದು. ಪ್ರೋಟೀನಿನ ಮಧ್ಯೆ ಒಂದು ತೂತಿದ್ದರೆ ಅದೇ ಒಳಗೆ ನುಗ್ಗಬಹುದು, ಲಿಪಿಡ್ ಅಲ್ಲಾಡದೆಯೂ ಗೆರೆ ಕೆಳಗಿಳಿಯುತ್ತದೆ. ಅದಕ್ಕಾಗಿ ಎರಡನೆಯ ಪ್ರಯೋಗ: ಮೋಟು ಬಾಲದ ಎನ್‌ಬಿಡಿ ಲಿಪಿಡ್ ಹಾಕಿ, ಹೊರಗಿನಿಂದ ಕೊಬ್ಬಿನಾಮ್ಲ ತೆಗೆದ ಬಿಎಸ್ಎ ಎಂಬ ಅಲ್ಬುಮಿನ್ ಬಿಡಿ. ಅಲ್ಬುಮಿನ್ ಹೊರಪದರದ ಮೋಟು ಬಾಲದವನ್ನು ಕಿತ್ತು ತನ್ನಲ್ಲಿಟ್ಟುಕೊಳ್ಳುತ್ತದೆ, ಅಲ್ಲಿ ಹೊಳಪು ತಗ್ಗುತ್ತದೆ. ಅಷ್ಟು ದೊಡ್ಡ ಪ್ರೋಟೀನು ಯಾವ ತೂತಿನಲ್ಲೂ ತೂರದು. ಎರಡು ಪ್ರಯೋಗವೂ ಒಂದೇ ಮಾತು ಹೇಳಿದರೆ ನಂಬಿ. ಎನ್‌ಬಿಡಿ ತಲೆಯ ಮೇಲಿರುವ ಲಿಪಿಡ್ಡನ್ನೂ ಒಮ್ಮೆ ಹಾಕಿ ನೋಡಿ, ಏಕೆಂದರೆ ಬಾಲಕ್ಕೆ ಬಣ್ಣ ಕಟ್ಟಿದ ಲಿಪಿಡ್ ಜೀವಕೋಶದ ಲಿಪಿಡ್ ಅಲ್ಲ.

7. ಟ್ಯೂಬಿನಲ್ಲಿ ಮಾಡಬಲ್ಲದ್ದೇ ಜೀವಕೋಶದಲ್ಲಿ ಅದರ ಕಸುಬು ಎಂದುಕೊಳ್ಳಬೇಡಿ

ಮೇಲಿನ ಎಲ್ಲ ಎಚ್ಚರ ವಹಿಸಿ, ಶುದ್ಧ ಪ್ರೋಟೀನು, ಚೆಂದದ ಗೆರೆ ಎಲ್ಲ ಬಂದ ಮೇಲೂ ಒಂದು ದೊಡ್ಡ ಹಳ್ಳ ಉಳಿದಿರುತ್ತದೆ. ಈ ವಿಷಯದ ಇತಿಹಾಸದಲ್ಲಿ ಅದರಲ್ಲಿ ಬಿದ್ದವರು ಬುದ್ಧಿವಂತರೇ.

1996ರಲ್ಲಿ ಕೆಂಪು ರಕ್ತಕಣದ ಪೊರೆಯಿಂದ ಒಂದು ಪ್ರೋಟೀನು ಶುದ್ಧವಾಯಿತು, ಮರುವರ್ಷ ಅದರ ವಂಶವಾಹಿಯೂ ಸಿಕ್ಕಿತು. ಲೈಪೋಸೋಮಿನಲ್ಲಿ, ಕ್ಯಾಲ್ಸಿಯಂ ಕೊಟ್ಟರೆ, ಲಿಪಿಡ್ಡನ್ನು ಕಲಸುತ್ತಿತ್ತು. ಫಾಸ್ಫೋಲಿಪಿಡ್ ಸ್ಕ್ರ್ಯಾಂಬ್ಲೇಸ್-1, ಪಿಎಲ್‌ಎಸ್‌ಸಿಆರ್1 ಎಂದು ನಾಮಕರಣವಾಯಿತು. ಆಮೇಲೆ ಆ ವಂಶವಾಹಿ ಇಲ್ಲದ ಇಲಿಗಳನ್ನು ಬೆಳೆಸಿದರು. ಅವುಗಳ ರಕ್ತಕಣಗಳು ಪಿಎಸ್ ಅನ್ನು ಎಂದಿನಂತೆ ಹೊರಗೆ ತಂದವು, ರಕ್ತವೂ ಎಂದಿನಂತೆ ಹೆಪ್ಪುಗಟ್ಟಿತು. ಇಂದು ಆ ಪ್ರೋಟೀನಿನ ಹೆಸರು ಹೆಚ್ಚು ಕೇಳುವುದು ಇಂಟರ್‌ಫೆರಾನ್ ಜೊತೆ, ವೈರಸ್ ತಡೆಯುವ ಕೆಲಸದಲ್ಲಿ. ಸ್ಕ್ರ್ಯಾಂಬ್ಲೇಸ್ ಎಂಬ ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿದೆ.

ಎರಡನೆಯದು ಬ್ಯಾಕ್ಟೀರಿಯಾದ ಜಗಳ. ಕೋಶಭಿತ್ತಿಯ ಇಟ್ಟಿಗೆಯನ್ನು ಹೊತ್ತ ಲಿಪಿಡ್-2 ಒಳಗಡೆ ತಯಾರಾಗಿ ಹೊರಗೆ ಬರಬೇಕು. ತರುವವರು ಯಾರು? 2011ರಲ್ಲಿ ಒಂದು ಗುಂಪು ಶುದ್ಧ ಮಾಡಿದ ಎಫ್‌ಟಿಎಸ್‌ಡಬ್ಲ್ಯು ಪ್ರೋಟೀನನ್ನು ಲೈಪೋಸೋಮಿಗೆ ಕೂರಿಸಿ, ಎನ್‌ಬಿಡಿ ಕಟ್ಟಿದ ಲಿಪಿಡ್-2 ಹಾಕಿ, ಡೈಥಯೋನೈಟಿನಿಂದ ಅಳೆದು, ಇದೇ ಎಂದಿತು. ವಂಶವಾಹಿ ನೋಡುವವರು 2008ರಿಂದಲೇ ಮುರ್‌ಜೆ ಎಂಬ ಇನ್ನೊಂದರ ಕಡೆ ಬೆರಳು ತೋರಿಸುತ್ತಿದ್ದರು. 2014ರಲ್ಲಿ ಅಮೆರಿಕದ ಗುಂಪೊಂದು ಜೀವಂತ ಇ. ಕೋಲಿಯಲ್ಲೇ ಪರೀಕ್ಷೆ ಹೂಡಿತು. ಹೊರಬದಿಗೆ ಬಂದ ಲಿಪಿಡ್-2 ಅನ್ನು ಮಾತ್ರ ಕತ್ತರಿಸುವ ಕೊಲಿಸಿನ್-ಎಂ ಎಂಬ ವಿಷವನ್ನು ಬಿಟ್ಟರು. ಮುರ್‌ಜೆಯನ್ನು ತಡೆದ ಕ್ಷಣ ಕತ್ತರಿಗೆ ಏನೂ ಸಿಗಲಿಲ್ಲ. ಎಫ್‌ಟಿಎಸ್‌ಡಬ್ಲ್ಯುವಿನ ನಿಜವಾದ ಕಸುಬು ಹೊರಗೆ ಬಂದ ಇಟ್ಟಿಗೆಗಳನ್ನು ಸರಪಳಿಯಾಗಿ ಜೋಡಿಸುವುದು ಎಂಬುದು 2019ರ ಹೊತ್ತಿಗೆ ಖಚಿತವಾಯಿತು. ಹಾಗಾದರೆ 2011ರ ಗೆರೆಗಳು ಸುಳ್ಳೇ? ನನ್ನ ಲೆಕ್ಕದಲ್ಲಿ ಅಲ್ಲ. ಪೊರೆಯಲ್ಲಿ ಏನನ್ನು ಕೂರಿಸಿದರೂ ಅದರ ಅಂಚಿನಲ್ಲಿ ಲಿಪಿಡ್ಡುಗಳ ಜೋಡಣೆ ಸಡಿಲವಾಗುತ್ತದೆ. ಪೊರೆಗೆ ಅಡ್ಡಹಾಯುವ ಪುಟ್ಟ ಪೆಪ್ಟೈಡ್ ಕೂಡ ಪಲ್ಟಿಯನ್ನು ಒಂದಿಷ್ಟು ಹೆಚ್ಚಿಸುತ್ತದೆ.

ಮೂರನೆಯದು ಇನ್ನೂ ಕಸಿವಿಸಿಯದು. ನ್ಯೂಯಾರ್ಕಿನ ಅನಂತ್ ಮೆನನ್ ಅವರ ಗುಂಪು 2011ರಲ್ಲಿ, ಮತ್ತೆ 2014ರಲ್ಲಿ, ಕಣ್ಣಿನ ರೊಡಾಪ್ಸಿನ್ ಸ್ಕ್ರ್ಯಾಂಬ್ಲೇಸ್ ಎಂದು ತೋರಿಸಿತು. ಬೆಳಕು ಬೀಳಲಿ ಬಿಡಲಿ, ಅದು ಲಿಪಿಡ್ ದಾಟಿಸುತ್ತಲೇ ಇರುತ್ತದೆ. ಅದೇ ಕುಟುಂಬದ ಅಡ್ರಿನಾಲಿನ್, ಅಡಿನೋಸಿನ್ ಗ್ರಾಹಕಗಳೂ ದಾಟಿಸುತ್ತವೆ. ಬೆಳಕನ್ನು ಹಿಡಿಯುವುದು ರೊಡಾಪ್ಸಿನ್ನಿನ ಕಸುಬು, ನಿಜ. ಆದರೆ ಕಣ್ಣಿನ ರಾಡ್ ಕೋಶಗಳ ತಟ್ಟೆಗಳಲ್ಲಿ ಎಟಿಪಿ ಸುಟ್ಟು ಒಂದೇ ದಿಕ್ಕಿಗೆ ಲಿಪಿಡ್ ತಳ್ಳುವ ಎಬಿಸಿಎ4 ಇದೆ. ಒಂದು ಪದರ ಉಬ್ಬದಂತೆ ಸರಿದೂಗಿಸಲು ಯಾರಾದರೂ ಬೇಕು, ಆ ತಟ್ಟೆಗಳಲ್ಲಿ ತುಂಬಿರುವುದು ರೊಡಾಪ್ಸಿನ್ನೇ. ಇಲ್ಲಿ ಟ್ಯೂಬಿನ ಮಾತು ಜೀವಕೋಶದಲ್ಲೂ ಸಲ್ಲುವಂತಿದೆ. ಆದರೂ ಪ್ಲಾಸ್ಮಾ ಪೊರೆಯಲ್ಲಿ ಇಂಥ ಗ್ರಾಹಕಗಳು ಇದ್ದೂ ಅಲ್ಲಿನ ಅಸಮತೆ ಉಳಿದಿದೆ. ಬಹುಶಃ ಅಲ್ಲಿನ ಕೊಲೆಸ್ಟರಾಲ್ ಅವುಗಳ ಕೈಕಟ್ಟಿರಬೇಕು.

ನಮ್ಮಲ್ಲಿ ಇದಕ್ಕೆ ಒಂದು ಕಟ್ಟಳೆ ಇದೆ. ಲೈಪೋಸೋಮಿನಲ್ಲಿ ಕೆಲಸ ಮಾಡಿದ ಪ್ರೋಟೀನನ್ನು ಯಾರೂ ಗುಂಪಿನ ಸಭೆಯಲ್ಲಿ 'ಸ್ಕ್ರ್ಯಾಂಬ್ಲೇಸ್' ಎಂದು ಕರೆಯುವಂತಿಲ್ಲ. ಅದನ್ನು ಜೀವಕೋಶದಿಂದ ತೆಗೆದಾಗ ಏನು ನಿಂತಿತು ಎಂದು ತೋರಿಸಿದ ಮೇಲೆ ಕರೆಯಬಹುದು.

8. ರೋಗಿಯ ರಕ್ತದಿಂದ ಹೊರಟವರು ದಾರಿ ತಪ್ಪಿದ್ದು ಕಡಿಮೆ

ಗಾಯವಾದಾಗ ಪ್ಲೇಟ್‌ಲೆಟ್‌ಗಳು ತಮ್ಮ ಒಳಪದರದ ಪಿಎಸ್ ಅನ್ನು ಹೊರಗೆ ತರುತ್ತವೆ. ಋಣ ಆವೇಶದ ಆ ಮೇಲ್ಮೈ ಮೇಲೆ ಹೆಪ್ಪುಗಟ್ಟಿಸುವ ಅಂಶಗಳು ಕೂತು ಥ್ರಾಂಬಿನ್ ತಯಾರಿಸುತ್ತವೆ. ಸ್ಕಾಟ್ ಸಿಂಡ್ರೋಮ್ ಇರುವವರಲ್ಲಿ ಪಿಎಸ್ ಹೊರಗೆ ಬರುವುದಿಲ್ಲ, ರಕ್ತ ನಿಲ್ಲುವುದು ಕಷ್ಟ. 1979ರಲ್ಲಿ ವರದಿಯಾದ ಈ ಅಪರೂಪದ ಕಾಯಿಲೆಗೆ ಕಾರಣ ಹುಡುಕುವುದಕ್ಕೆ ಮೂವತ್ತು ವರ್ಷ ಹಿಡಿಯಿತು. ಜಪಾನಿನ ಶಿಗೆಕಜು ನಗಾತಾ ಅವರ ಗುಂಪು ಕೋಶಗಳಲ್ಲಿ ಪಿಎಸ್ ಹೆಚ್ಚಾಗಿ ಹೊರತರುವವನ್ನೇ ಮತ್ತೆ ಮತ್ತೆ ಆರಿಸಿ ಬೆಳೆಸಿ, ಅವುಗಳ ವಂಶವಾಹಿಗಳನ್ನು ಜಾಲಾಡಿ, 2010ರಲ್ಲಿ ಟಿಎಮ್‌ಇಎಮ್16ಎಫ್ ಎಂಬ ಪ್ರೋಟೀನನ್ನು ಹಿಡಿಯಿತು. ಸ್ಕಾಟ್ ಸಿಂಡ್ರೋಮಿನ ರೋಗಿಯಲ್ಲಿ ಇದೇ ವಂಶವಾಹಿ ಕೆಟ್ಟಿತ್ತು. ಜೀವಕೋಶ, ವಂಶವಾಹಿ, ರೋಗಿ ಮೂರೂ ಒಂದೇ ಕಡೆ ಬೊಟ್ಟು ಮಾಡಿದವು. ಲೈಪೋಸೋಮ್ ಆಮೇಲೆ ಬಂತು.

ಆ ಕುಟುಂಬದ ಶಿಲೀಂಧ್ರವೊಂದರ ಪ್ರೋಟೀನಿನ ರಚನೆ 2014ರಲ್ಲಿ ಜ್ಯೂರಿಕ್‌ನಿಂದ ಬಂದಾಗ, ಪೊರೆಗೆ ಮುಖಮಾಡಿ ಮೇಲಿನಿಂದ ಕೆಳಗಿನವರೆಗೆ ಒಂದು ಬದಿ ತೆರೆದ ತೋಡು ಕಂಡಿತು. ತೋಡಿನ ಗೋಡೆ ನೀರಿಗೆ ಒಗ್ಗುವಂಥದ್ದು. ಪೊಮೊರ್ಸ್ಕಿ ಮತ್ತು ಮೆನನ್ 2006ರಲ್ಲೇ ಹೀಗಿರಬಹುದೆಂದು ಊಹಿಸಿದ್ದರು: ಅಂಗಡಿಯ ಯಂತ್ರದ ಸೀಳಿನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದಂತೆ ಲಿಪಿಡ್ಡಿನ ತಲೆ ಸೀಳಿನೊಳಗೆ ಜಾರುತ್ತದೆ, ಬಾಲ ಹೊರಗೆ ಕೊಬ್ಬಿನಲ್ಲೇ ಇರುತ್ತದೆ. ಇದೇ ಕುಟುಂಬದ ಟಿಎಮ್‌ಇಎಮ್16ಎ ಕ್ಲೋರೈಡ್ ಸಾಗಿಸುವ ಕಾಲುವೆ. ಒಂದೇ ಮನೆತನದಲ್ಲಿ ಒಬ್ಬರು ಅಯಾನು ಬಿಡುವವರು, ಒಬ್ಬರು ಲಿಪಿಡ್ ದಾಟಿಸುವವರು. ಹೆಸರು ನೋಡಿ ಕಸುಬು ಹೇಳಬಾರದು ಎಂಬುದಕ್ಕೆ ಇದೂ ಒಂದು.

9. ಅನೆಕ್ಸಿನ್ ಹೊಳೆದರೆ ಎರಡು ಪ್ರಶ್ನೆ ಕೇಳಿ

ಜೀವಕೋಶದ ಹೊರಗೆ ಪಿಎಸ್ ಬಂದಿದೆಯೇ ಎಂದು ನೋಡಲು ಅನೆಕ್ಸಿನ್-ವಿ ಬಳಸುತ್ತೇವೆ. ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಟ್ರಿಪ್ಸಿನ್ ಜೊತೆ ಬಂದ ಇಡಿಟಿಎಯನ್ನು ತೊಳೆಯದಿದ್ದರೆ ಅಂಟುವುದಿಲ್ಲ. ಹರಿದ ಕೋಶದ ಒಳಗೂ ಅಂಟುತ್ತದೆ, ಆದ್ದರಿಂದ ಪ್ರೊಪೀಡಿಯಂ ಅಯೊಡೈಡ್ ಜೊತೆಗಿರಲಿ. ಇಷ್ಟು ಎಲ್ಲ ಕಿಟ್ಟಿನ ಹಾಳೆಯಲ್ಲೂ ಇರುತ್ತದೆ.

ಹಾಳೆಯಲ್ಲಿ ಇಲ್ಲದ್ದು: ಪಿಎಸ್ ಹೊರಗಿದೆ ಎಂದರೆ ಸ್ಕ್ರ್ಯಾಂಬ್ಲೇಸ್ ತೆರೆಯಿತು ಎಂದಷ್ಟೇ ಅಲ್ಲ, ಫ್ಲಿಪ್ಪೇಸ್ ಕೂಡ ನಿಂತಿರಬೇಕು. ತಾನಾಗಿ ಸಾಯುವ ಕೋಶ ಎರಡನ್ನೂ ಮಾಡುತ್ತದೆ. ಕ್ಯಾಸ್ಪೇಸ್ ಎಂಬ ಕತ್ತರಿ ಎಕ್ಸ್‌ಕೆಆರ್8 ಅನ್ನು ಕಡಿದು ಸ್ಕ್ರ್ಯಾಂಬ್ಲೇಸನ್ನು ಚಾಲೂ ಮಾಡುತ್ತದೆ. ಅದೇ ಕತ್ತರಿ ಎಟಿಪಿ11ಎ, ಎಟಿಪಿ11ಸಿ ಫ್ಲಿಪ್ಪೇಸ್‌ಗಳನ್ನು ಕಡಿದು ಬಂದ್ ಮಾಡುತ್ತದೆ. ಹೊರಬಂದ ಪಿಎಸ್ ಮತ್ತೆ ಒಳಗೆ ಹೋಗುವಂತಿಲ್ಲ, ಮ್ಯಾಕ್ರೊಫೇಜ್ ಬಂದು ನುಂಗುತ್ತದೆ. 2013-14ರಲ್ಲಿ ನಗಾತಾ ಗುಂಪಿನಿಂದಲೇ ಬಂದ ಈ ಎರಡು ಪ್ರಬಂಧಗಳನ್ನು ಜೋಡಿಯಾಗಿ ಓದಬೇಕು.

10. ಚಿಲ್ಲರೆ ಮಾತು

ಲಿಪಿಡ್ ಕ್ಲೋರೋಫಾರ್ಮಿನಲ್ಲಿ ಬರುತ್ತದೆ. ಪ್ಲಾಸ್ಟಿಕ್ ಟಿಪ್ ಹಾಕಬೇಡಿ, ಗಾಜಿನ ಸಿರಿಂಜ್ ಹಿಡಿಯಿರಿ. ಪ್ಲಾಸ್ಟಿಕ್ ಕರಗಿದ್ದು ಕಣ್ಣಿಗೆ ಕಾಣದು, ಗೆರೆಯಲ್ಲಿ ಕಾಣುತ್ತದೆ. ಸಾರಜನಕದಲ್ಲಿ ಒಣಗಿಸಿದ ಮೇಲೆ ವ್ಯಾಕ್ಯೂಮಿನಲ್ಲಿ ಇಡಲು ಜಿಪುಣತನ ಬೇಡ. ತೆರೆದ ಬಾಟಲಿಯ ಮೇಲೆ ಆರ್ಗಾನ್ ಊದಿ ಮುಚ್ಚಿ. ಕ್ಯುವೆಟ್ಟಿನಲ್ಲಿ ಸ್ಟಿರರ್ ತಿರುಗುತ್ತಿದೆಯೇ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ದೀಪ ಬಿಸಿಯಾಗಲು ಬಿಡದೆ ಓದಿದ ಅಂಕಿಗಳನ್ನು ನನಗೆ ತೋರಿಸಲು ಬರಬೇಡಿ.

11. ನಮ್ಮ ಲೈಪೋಸೋಮ್ ಎರಡೂ ಕಡೆ ಒಂದೇ, ಜೀವಕೋಶ ಹಾಗಲ್ಲ

ಪದರಗಳು ಒಂದಕ್ಕೊಂದು ಮಾತನಾಡುತ್ತವೆ ಎಂಬುದಕ್ಕೆ ಒಳ್ಳೆಯ ಪುರಾವೆ ನಮ್ಮೂರಿನಿಂದಲೇ ಬಂದಿದೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್, ಮದನ್ ರಾವ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಕೆಲಸ ಅದು. ಹೊರಪದರಕ್ಕೆ ಲಿಪಿಡ್ ಲಂಗರಿನಿಂದ ಅಂಟಿಕೊಂಡ ಪ್ರೋಟೀನುಗಳು ಪುಟ್ಟ ಗುಂಪುಗಳಾಗಿ ಕೂರಬೇಕಾದರೆ ಒಳಪದರದಲ್ಲಿ ಉದ್ದ ಬಾಲದ ಪಿಎಸ್ ಇರಬೇಕು. ಆ ಪಿಎಸ್ ಅನ್ನು ಒಳಗಡೆಯ ಆಕ್ಟಿನ್ ಹಿಡಿದುಕೊಂಡಿರಬೇಕು. ಅಂದರೆ ಪಿಎಸ್ ಯಾವ ಬದಿಯಲ್ಲಿದೆ ಎಂಬುದು ಹೊರಗಿನ ಪ್ರೋಟೀನು ಎಲ್ಲಿ ಕೂರುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ.

ಈಚೆಗೆ ಹೊಸ ಹೆಸರುಗಳು ಸಾಲಾಗಿ ಬರುತ್ತಿವೆ. ಸ್ವಭಕ್ಷಣೆಯ ಪೊರೆ ಬೆಳೆಯುವಾಗ ಎಟಿಜಿ2 ಒಂದು ಪೊರೆಯಿಂದ ಇನ್ನೊಂದಕ್ಕೆ ಲಿಪಿಡ್ ಹರಿಸಿದರೆ, ಹರಿದು ಬಂದದ್ದನ್ನು ಎರಡು ಪದರಕ್ಕೂ ಹಂಚುವುದು ಎಟಿಜಿ9 ಎಂದು 2020ರಲ್ಲಿ ಗೊತ್ತಾಯಿತು. ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ಹೇರಳವಾಗಿರುವ ವಿಡಿಎಸಿ ಜೋಡಿಯಾಗಿ ನಿಂತು ಲಿಪಿಡ್ ದಾಟಿಸುತ್ತದೆ ಎಂದು 2023ರಲ್ಲಿ ಬಂತು. ಇವುಗಳಲ್ಲಿ ಹೆಚ್ಚಿನದ್ದಕ್ಕೆ ಟ್ಯೂಬಿನ ಸಾಕ್ಷಿ ಸಿಕ್ಕಿದ್ದು ಎರಡೂ ಪದರ ಒಂದೇ ಆಗಿರುವ ಲೈಪೋಸೋಮಿನಲ್ಲಿ.

ಎರಡು ಪದರಕ್ಕೆ ಬೇರೆಬೇರೆ ಲಿಪಿಡ್ ಇರುವ ಗುಳ್ಳೆ ಮಾಡುವ ದಾರಿ ಇದೆ. ಸೈಕ್ಲೋಡೆಕ್ಸ್ಟ್ರಿನ್‌ನಲ್ಲಿ ಹೊತ್ತು ತಂದ ಲಿಪಿಡ್ಡನ್ನು ಹೊರಪದರದ್ದರೊಡನೆ ಅದಲುಬದಲು ಮಾಡುವ ವಿಧಾನವನ್ನು ಅಮೆರಿಕದ ಸ್ಟೋನಿ ಬ್ರೂಕ್‌ನಲ್ಲಿ ಅರ್ವಿನ್ ಲಂಡನ್ ಅವರ ಗುಂಪು ಬೆಳೆಸಿದೆ. ಖಾಲಿ ಗುಳ್ಳೆಯಲ್ಲಿ ಇದು ಸಲೀಸು. ಸ್ಕ್ರ್ಯಾಂಬ್ಲೇಸ್ ಕೂರಿಸಿದ ಗುಳ್ಳೆಯಲ್ಲಿ ಬದಲಿಸಿದ ಮರುಗಳಿಗೆಯೇ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಕೊಡುವವರೆಗೆ ಮುಚ್ಚಿಯೇ ಇರುವ ಟಿಎಮ್‌ಇಎಮ್16 ಬಗೆಯದ್ದನ್ನು ಆರಿಸಿ, ಇಜಿಟಿಎ ಹಾಕಿ ಕ್ಯಾಲ್ಸಿಯಂನ ಕೊನೆಯ ಹನಿಯನ್ನೂ ಹಿಡಿದಿಟ್ಟು, ಹೊರಪದರ ಬದಲಿಸಿ, ಆಮೇಲೆ ತೆರೆಯುವುದು ನಮ್ಮ ಸದ್ಯದ ಯೋಚನೆ. ಸೈಕ್ಲೋಡೆಕ್ಸ್ಟ್ರಿನ್ ತೊಳೆದು ತೆಗೆಯುವಾಗ ಗುಳ್ಳೆಗಳು ಬಹಳ ಕಳೆದುಹೋಗುತ್ತಿವೆ. ಈ ವಾರ ಬೇರೆ ರೋಟರ್ ಹಾಕಿ ನೋಡಬೇಕು.